ಕೈಯ ಅಳತೆ

ಗಣಕಯಂತ್ರದ ಜೊತೆಗಿರುವ ಆ ಸಣ್ಣ ಸಾಧನಕ್ಕೆ ಇಲಿಯ ಹೆಸರೇಕೆ ಬಂದಿತೆಂದು ನಮ್ಮ ತಾಯಿಯವರು ಕೇಳಿದಾಗ, ಅದರ ಬಾಲವನ್ನು ತೋರಿಸಿ ಸುಮ್ಮನಾಗಿದ್ದೆವು. ಅಂಥದೊಂದು ಇಲಿಯನ್ನು ಆರಿಸುವುದಕ್ಕಾಗಿ ಕೊಪ್ಪಳದಿಂದ ಗಂಗಾವತಿಯವರೆಗೆ ಅಲೆಯಬೇಕಾದೀತೆಂದು ಆಗ ಎಣಿಸಿರಲಿಲ್ಲ.

ಸಂಗತಿ ಹೀಗೆ. ನಮ್ಮ ಹಿರಿಯ ಮಗನು ಉದ್ಯೋಗನಿಮಿತ್ತ ಬೆಂಗಳೂರಿನಲ್ಲಿರುವನು. ಕಿರಿಯವನಿಗೆ ೧೨ ವರ್ಷ. ಪ್ರತಿ ರವಿವಾರ ರಾತ್ರಿ ಇಬ್ಬರೂ ಗಣಕಯಂತ್ರದ ಮೇಲೆ ಕೂಡಿ ಗುರಿಯಾಟವನ್ನು ಆಡುವರು, ಆಡುತ್ತ ಮಾತನಾಡುವರು. ಫೋನಿನಲ್ಲಿ "ಆರಾಮ ಅದೀನಿ" ಎಂಬುದರಾಚೆ ಏನನ್ನೂ ಹೇಳದ ಹಿರಿಯವನು, ಊಟದ ತೊಂದರೆ, ಕೋಣೆಯ ಬಾಡಿಗೆ ಎಲ್ಲವನ್ನೂ ಆಟದ ನಡುವೆ ತಮ್ಮನಿಗೆ ಹೇಳುವನು. ಧ್ವನಿಯು ಪಕ್ಕದ ಕೋಣೆಗೂ ಕೇಳಿಸುವುದು. ಅಲ್ಲಿ ನಾವು ಪತ್ರಿಕೆಯನ್ನು ಹಿಡಿದು ಓದುವವರಂತೆ ಕುಳಿತಿರುತ್ತೇವೆಂಬುದನ್ನು ಒಪ್ಪಿಕೊಳ್ಳಬೇಕು.

ಹಳೆಯ ಮೌಸು ಕೆಟ್ಟಿತು. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತಿತ್ತು. ಗುಂಡಿಯ ಕೆಳಗಿನ ಪುಟ್ಟ ಲೋಹದ ಪಟ್ಟಿ ಸವೆದರೆ ಹೀಗಾಗುವುದುಂಟು. ಎರಡು ರವಿವಾರ ಆಟವಿಲ್ಲ, ಮನೆಗೆ ಸುದ್ದಿಯೂ ಇಲ್ಲ. ಆಟದ ವಸ್ತುವಿಗೆ ಹಣ ಸುರಿಯಬಾರದೆಂದು ವಾದಿಸುತ್ತಿದ್ದ ನಾವೇ ಅಂಗಡಿಗೆ ಹೊರಟೆವು.

ಅಂಗಡಿಯವನು ಬಣ್ಣಬಣ್ಣವಾಗಿ ಮಿನುಗುವ ಒಂದನ್ನು ಮುಂದಿಟ್ಟು, "ಸರ್, ಇದು ಹದಿನಾರು ಸಾವಿರ ಡಿಪಿಐ" ಎಂದನು. ದೊಡ್ಡ ಸಂಖ್ಯೆಗೆ ಮರುಳಾದೆವು. ಮೌಸನ್ನು ಒಂದು ಅಂಗುಲ ಸರಿಸಿದರೆ ಅದು ಎಣಿಸುವ ಹೆಜ್ಜೆಗಳ ಲೆಕ್ಕವೇ ಆ ಡಿಪಿಐ. ೧೬,೦೦೦ಕ್ಕೆ ಏರಿಸಿದರೆ ಬೆರಳು ನಡುಗಿದರೂ ಬಾಣವು ಪರದೆಯ ಅಂಚಿಗೆ ಹಾರುವುದು. ಗುರಿಯಾಟದಲ್ಲಿ ಪಳಗಿದವರು ಹೆಚ್ಚಾಗಿ ೪೦೦ರಿಂದ ೧,೬೦೦ರೊಳಗೇ ಇಟ್ಟುಕೊಳ್ಳುವರು. ಇದು ನಮಗೆ ತಿಳಿದದ್ದು ಹಣ ಕೊಟ್ಟ ಮೇಲೆ.

ಒಂದು ವಾರ ಆಡಿ ಮಗನು, "ಅಪ್ಪಾ, ಮುಂಗೈ ನೋಯಾಕತ್ತೈತಿ" ಎಂದನು. ನೋಡಿದರೆ ಅದು ದೊಡ್ಡವರ ಅಂಗೈಗೆ ಮಾಡಿದ್ದು. ಹುಡುಗನು ಬೆರಳು ಚಾಚಿ ಚಾಚಿ ಗುಂಡಿಯನ್ನು ಮುಟ್ಟುತ್ತಿದ್ದನು. ಮನೆಯಾಕೆ ಹೊಲಿಗೆಯ ಟೇಪು ತಂದು ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆದಳು: ೧೬ ಸೆಂಟಿಮೀಟರು. "ಅಂಗಿ ಹೊಲಸೂವಾಗ ಅಳತಿ ಕೊಡ್ತೀರಿ, ಇದಕ್ಕ ಯಾಕ ಕೊಡಲಿಲ್ಲ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಕೊಪ್ಪಳದ ಬದಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಕಟ್ಟಿಗೆಯಿಂದ ಗೊಂಬೆಗಳನ್ನು ಮಾಡುವರಷ್ಟೆ. ಅಲ್ಲಿ ಇದೇ ಮಗನಿಗೆ ಗೊಂಬೆ ಕೊಂಡಾಗ, ಬೆಲೆ ಕೇಳುವ ಮೊದಲು ಅವನ ಕೈಯಲ್ಲಿಟ್ಟು ನೋಡಿದ್ದೆವು. ೧೯೬೪ರ ಸುಮಾರಿಗೆ ಅಮೇರಿಕೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ ಬಿಲ್ ಇಂಗ್ಲಿಷ್ ಕಟ್ಟಿದ ಮೊದಲ ಮೌಸೂ ಕಟ್ಟಿಗೆಯದೇ: ಒಂದು ಗುಂಡಿ, ಅಡಿಯಲ್ಲಿ ಎರಡು ಗಾಲಿ.

ಎರಡನೆಯ ಸಲ ಮಗನನ್ನೇ ಕರೆದುಕೊಂಡು ಗಂಗಾವತಿಗೆ ಹೋದೆವು. ಅಂಗೈಯನ್ನು ಪೂರ್ತಿ ಊರಿ ಹಿಡಿಯುವವರುಂಟು, ಬೆರಳು ಬಾಗಿಸಿ ಹಿಡಿಯುವವರುಂಟು, ತುದಿಬೆರಳಿನಿಂದಲೇ ಆಡಿಸುವವರೂ ಉಂಟು. ಇವನು ಎರಡನೆಯ ಬಗೆಯವನು. ಐದಾರನ್ನು ಹಿಡಿದು ನೋಡಿ, ಸುಮಾರು ೬೦ ಗ್ರಾಮು ತೂಕದ, ಮಿನುಗದ, ತಂತಿಯುಳ್ಳ ಒಂದನ್ನು ಆರಿಸಿದನು. ಬೆಲೆಯೂ ಮೊದಲಿನದಕ್ಕಿಂತ ಕಡಿಮೆ.

ಮನೆಗೆ ಬಂದರೆ ಬಾಣವು ತತ್ತರಿಸತೊಡಗಿತು! ತಪ್ಪು ಮೌಸಿನದಲ್ಲ. ಹರಕಾಗಿದ್ದ ಅಡಿಹಾಸನ್ನು ಅಂದು ಬೆಳಗ್ಗೆ ನಾವೇ ಎಸೆದಿದ್ದೆವು. ಮೇಜಿನ ಮೇಲಿನದು ಕುಷ್ಟಗಿ ಕಡೆಯಿಂದ ತರಿಸಿದ ನುಣುಪಾದ ಗ್ರಾನೈಟು. ಮೌಸಿನ ಹೊಟ್ಟೆಯೊಳಗಿನ ಕಣ್ಣು ಕೆಳಗಿನ ಹಾಸಿನ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ತೆಗೆದು, ಒಂದಕ್ಕೊಂದು ಹೋಲಿಸಿ ಚಲನೆಯನ್ನು ತಿಳಿಯುವುದು. ಕನ್ನಡಿಯಂತೆ ಹೊಳೆಯುವ ಕಲ್ಲಿನಲ್ಲಿ ಅದಕ್ಕೆ ಗುರುತು ಸಿಕ್ಕದು. ಮನೆಯಾಕೆ ಕೌದಿಗೆಂದು ಎತ್ತಿಟ್ಟಿದ್ದ ದಪ್ಪ ಬಟ್ಟೆಯ ತುಂಡೊಂದನ್ನು ಹಾಸಿದಳು. ಬಾಣ ಸರಿಹೋಯಿತು.

ಆ ರವಿವಾರ ರಾತ್ರಿ ಹಿರಿಯವನು, ಹಬ್ಬಕ್ಕೆ ರಜೆ ಸಿಗಲಿಕ್ಕಿಲ್ಲವೆಂದೂ ಅವ್ವನಿಗೆ ಈಗಲೇ ತಿಳಿಸಬೇಡವೆಂದೂ ತಮ್ಮನಿಗೆ ಹೇಳುತ್ತಿದ್ದನು. ಆಕೆ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದಳು.