ತಗಡಿನ ಪೆಟ್ಟಿಗೆಯ ದಾರಿ

ಹಿರಿಯೂರಿನ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ತಗಡಿನ ಪೆಟ್ಟಿಗೆ ಇನ್ನೂ ಇದೆ. ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ, ಚಿಲಕ ಸಡಿಲವಾಗಿದೆ. ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಅಪ್ಪ ಹೈಸ್ಕೂಲು ಓದಲು ಸಿರಿಗೆರೆಗೆ ಹೋಗಿದ್ದು. ಅವರು ತೀರಿಕೊಂಡ ವರ್ಷದ ನವೆಂಬರಿನಲ್ಲಿ, ಆ ದಾರಿಯನ್ನು ನಾನೂ ಒಮ್ಮೆ ನೋಡಿ ಬರೋಣವೆಂದು ಹೊರಟೆ.

ಹಿರಿಯೂರಿಂದ ಚಿತ್ರದುರ್ಗ ಹೆದ್ದಾರಿಯ ದಾರಿ, ಬೇಗ ಸರಿಯಿತು. ದುರ್ಗದಲ್ಲಿ ಬಸ್ಸು ಬದಲಿಸಿ ಸಿರಿಗೆರೆಯ ಕಡೆ ತಿರುಗಿದ ಮೇಲೆ ಹಳ್ಳಿಯ ಗಾಳಿ ಬೀಸತೊಡಗಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿದ್ದರು. ಡ್ರೈವರ್ ಕಾಳು ತುಳಿಯದಂತೆ ಓರೆ ಹೊಡೆದು ಸಾಗಿದ.

ಸಿರಿಗೆರೆಯ ತರಳಬಾಳು ಮಠದ ಹೆಸರಿನಲ್ಲೇ ಒಂದು ಹರಕೆ ಇದೆ. ಮೂಲಗುರು ಮರುಳಸಿದ್ಧರು ತಮ್ಮ ಶಿಷ್ಯನನ್ನು ಪೀಠದಲ್ಲಿ ಕೂರಿಸಿ 'ತರಳ, ಬಾಳು' ಎಂದು ಹರಸಿದರೆಂದು ಮಠದ ಪರಂಪರೆ ಹೇಳುತ್ತದೆ. ಮಗುವೇ, ಬಾಳು ಎಂದರ್ಥ. ಆ ಮಾತನ್ನು ಊರೂರಿನ ಮಕ್ಕಳಿಗೆ ಮುಟ್ಟಿಸಿದವರು 1940ರಲ್ಲಿ ಪೀಠವೇರಿದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ. ಓದು ಮುಂದುವರಿಸಬೇಕೆಂದರೆ ದುರ್ಗಕ್ಕೋ ದಾವಣಗೆರೆಗೋ ಹೋಗಬೇಕಿದ್ದ ಕಾಲ. ಅಲ್ಲಿ ಉಳಿಯಲು ಮನೆ ಯಾರು ಕೊಡಬೇಕು, ಎರಡು ಹೊತ್ತಿನ ಊಟ ಎಲ್ಲಿಂದ ಬರಬೇಕು? ಮಳೆ ನಂಬಿದ ಒಕ್ಕಲುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಸ್ವಾಮೀಜಿ 1946ರಲ್ಲಿ ಹಳ್ಳಿಯಲ್ಲೇ ಹೈಸ್ಕೂಲು ತೆರೆದರು. ಶಾಲೆಯ ಜೊತೆಗೆ ಪ್ರಸಾದನಿಲಯವೂ ಬಂತು.

ಅಲ್ಲಿಯ ಪಂಕ್ತಿಯ ಮಾತು ಬಂದರೆ ಅಪ್ಪನ ದನಿಯೇ ಬೇರೆಯಾಗುತ್ತಿತ್ತು. ಗೌಡರ ಮಗ, ಕೂಲಿಯವರ ಮಗ ಒಂದೇ ಸಾಲಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರಬೇಕು. ತಟ್ಟೆಗೆ ಬಿಸಿ ಮುದ್ದೆ ಬೀಳುತ್ತದೆ, ಸಾರಿನ ಹಬೆ ಮುಖಕ್ಕೆ ಹೊಡೆಯುತ್ತದೆ, ಆದರೆ ಪ್ರಾರ್ಥನೆ ಮುಗಿಯುವವರೆಗೆ ಕೈ ಮಡಿಲಲ್ಲೇ. "ಹಸಿವಿಗೆ ಜಾತಿ ಇಲ್ಲ ಅಂತ ಪುಸ್ತಕದಲ್ಲಿ ಓದಲಿಲ್ಲ ಕಣೋ, ಪಂಕ್ತಿಯಲ್ಲಿ ಕಲಿತೆ" ಎನ್ನುತ್ತಿದ್ದರು. ಅವರು ಕೂತಿದ್ದು ಎಲ್ಲಿ ಎಂದು ಕೇಳಲು ಯಾರೂ ಉಳಿದಿರಲಿಲ್ಲ. ಸ್ವಾಮೀಜಿಯವರ ಐಕ್ಯಮಂಟಪದ ಮುಂದೆ ಸುಮ್ಮನೆ ಕೂತು ಎದ್ದೆ.

ಅಲ್ಲಿಂದ ಹೊಳಲ್ಕೆರೆಯ ದಾರಿ. 1914ರಲ್ಲಿ ಸ್ವಾಮೀಜಿ ಹುಟ್ಟಿದ ಮುತ್ತುಗದೂರು ಇದೇ ತಾಲ್ಲೂಕಿನದು. ಅರವತ್ತು ತುಂಬಿದಾಗ ಪೀಠ ಬಿಡುವೆನೆಂದು ಘೋಷಿಸಿದ ದೊಡ್ಡವರು ಅವರು. 1979ರಿಂದ ಶಿವಮೂರ್ತಿ ಶಿವಾಚಾರ್ಯರು ಪೀಠದಲ್ಲಿದ್ದಾರೆ. ಹಿರಿಯ ಗುರುಗಳು ಲಿಂಗೈಕ್ಯರಾದದ್ದು 1992ರ ಸೆಪ್ಟೆಂಬರ್ 24ರಂದು. ಆ ನೆನಪಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಸಿರಿಗೆರೆಯಲ್ಲಿ ಊರೂರಿನ ಭಕ್ತರು, ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ. ಅಪ್ಪ ಆ ವಾರ ಮದುವೆಮನೆಯ ಕರೆ ಬಂದರೂ ಒಪ್ಪುತ್ತಿರಲಿಲ್ಲ.

ಹೊಸದುರ್ಗದ ತೆಂಗಿನ ತೋಟಗಳನ್ನು ದಾಟಿ, ನಾಟಕದ ಊರಾದ ಸಾಣೇಹಳ್ಳಿ ಸೇರುವ ಹೊತ್ತಿಗೆ ಸಂಜೆ. ಶಿವಕುಮಾರ ಸ್ವಾಮೀಜಿಗೆ ನಾಟಕವೂ ಪಾಠವೇ ಆಗಿತ್ತು. 'ಮರಣವೇ ಮಹಾನವಮಿ' ಅವರು ಬರೆದ ನಾಟಕ. ಶಾಲೆಯ ನಾಟಕಗಳಲ್ಲಿ ಅಪ್ಪನಿಗೆ ಎಂದೂ ಪಾತ್ರ ಸಿಗಲಿಲ್ಲ. ಪರದೆ ಎಳೆಯುವ ಹುಡುಗ ಅವರು. ಆದರೂ ಎಲ್ಲರ ಮಾತೂ ಬಾಯಿಪಾಠವಾಗಿತ್ತು. ಆ ರಂಗದ ಕಿಚ್ಚನ್ನು ಶಿಷ್ಯರಾದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಸಾಣೇಹಳ್ಳಿಗೆ ತಂದರು. 1987ರಲ್ಲಿ ಗುರುವಿನ ಹೆಸರಿನ ಶಿವಕುಮಾರ ಕಲಾಸಂಘ, 1997ರಲ್ಲಿ ನಾಡೆಲ್ಲ ಸುತ್ತುವ ಶಿವಸಂಚಾರ, 2008ರಲ್ಲಿ ರಂಗಪ್ರಯೋಗಶಾಲೆ. ವರ್ಷಕ್ಕೆ ಮೂರು ನಾಟಕ ಹೊತ್ತ ತಂಡ ಇಲ್ಲಿಂದ ಊರೂರಿಗೆ ಹೊರಡುತ್ತದೆ.

ಅಂದು ನಾಟಕೋತ್ಸವ. ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಕಂಬಳಿ ಹೊದ್ದ ಅಜ್ಜಂದಿರು, ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡ ತಾಯಂದಿರು, ಸಾಲುಸಾಲು ಶಾಲಾಮಕ್ಕಳು. ಶಾಲೆಯ ಹುಡುಗಿಯರು ವಚನಕ್ಕೆ ಹೆಜ್ಜೆ ಹಾಕಿ ಇಳಿದರು. ಅವರಲ್ಲೊಬ್ಬಳು, ಮುಖದ ಬಣ್ಣವನ್ನೂ ತೊಳೆಯದೆ ಬಂದು ನನ್ನ ಪಕ್ಕದಲ್ಲೇ ಕೂತಳು. ನಾಟಕ ಶುರುವಾಯಿತು. ನಟರು ಮಾತು ಆಡುವ ಮೊದಲೇ ಅವಳ ತುಟಿ ಆ ಮಾತನ್ನು ಆಡುತ್ತಿತ್ತು.

"ನಿನ್ನ ಪಾತ್ರ ಯಾವುದು?" ಎಂದೆ.

"ಇದರಲ್ಲಿ ನಂಗೆ ಪಾತ್ರ ಇಲ್ಲ. ತಾಲೀಮು ದಿನಾ ನೋಡ್ತಿದ್ದೆ" ಎಂದಳು, ಕಣ್ಣು ತೆಗೆಯದೆ.

ಕತ್ತಲಲ್ಲಿ ನನ್ನ ಕಣ್ಣು ತುಂಬಿತು. ಮರಳಿ ಹಿರಿಯೂರಿಗೆ ಬಂದವನು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಮಗಳ ಪುಸ್ತಕಗಳನ್ನು ಅದರಲ್ಲಿ ಜೋಡಿಸಿದೆ.