ಗೋಬರ್ ಗ್ಯಾಸ್ ಮಳೆಯಾಗಿ ಸುರಿಯುವ ಚಂದ್ರ

ಹಾಸನದವರಿಗೆ ಬಾಹ್ಯಾಕಾಶ ಹೊಸ ವಿಷಯವಲ್ಲ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಊರಿಗೆಲ್ಲ ಎಂಸಿಎಫ್ ಅಂತಲೇ ಪರಿಚಯ. 1982ರಿಂದ ಇಲ್ಲಿನ ದೊಡ್ಡ ಡಿಶ್‌ಗಳು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜೊತೆ ಮಾತಾಡುತ್ತಿವೆ.

ಹಾಸನದಿಂದ ಹೊಳೆನರಸೀಪುರಕ್ಕೆ ಬಂದರೆ ಹೇಮಾವತಿ. ಹೊಳೆ ದಡದಲ್ಲೇ ಊರು. ಶನಿಯ ಚಂದ್ರ ಟೈಟನ್ ಮೇಲೂ ಹೊಳೆಗಳಿವೆ, ಆದರೆ ಹರಿಯೋದು ನೀರಲ್ಲ, ದ್ರವ ಮೀಥೇನ್! ಅಲ್ಲಿನ ಚಳಿ ಮೈನಸ್ 179 ಡಿಗ್ರಿ. 2005ರ ಜನವರಿ 14ರಂದು ಅಲ್ಲಿಳಿದ ಹ್ಯೂಜೆನ್ಸ್ ನೌಕೆ ಹಳ್ಳಕೊಳ್ಳಗಳ ಚಿತ್ರ ಕಳಿಸಿತ್ತು.

ಅರಕಲಗೂಡು ಕಡೆಯ ಹಳ್ಳಿಯಲ್ಲಿ ನಮ್ಮ ಮಾವನ ಮನೆ. ಕೊಟ್ಟಿಗೆ ಪಕ್ಕ ಗೋಬರ್ ಗ್ಯಾಸ್ ಗುಂಡಿ. "ಅಲ್ಲೆಲ್ಲೋ ಜೀವ ಸಿಕ್ತಂತೆ, ಮೊಬೈಲಲ್ಲಿ ಬಂದಿತ್ತು?" ಅಂದರು ಮಾವ.

"ಜೀವ ಅಲ್ಲ ಮಾವ, ಸಾವಯವ ಅಣು. ಅಂದ್ರೆ ಇಂಗಾಲದ ಅಣು. ನಿಮ್ಮ ಒಲೇಲಿ ಉರಿಯೋ ಮೀಥೇನ್ ಕೂಡ ಅದೇ. ಸಾಮಾನು ಇದೆ ಅಂದ್ರೆ ಅಡುಗೆ ಆಗಿದೆ ಅಂತಲ್ಲ."

"ಅಷ್ಟು ಗ್ಯಾಸ್ ಇದ್ರೆ ಬೆಂಕಿ ಹತ್ತಲ್ವಾ?"

"ಆಮ್ಲಜನಕ ಇಲ್ವಲ್ಲಪ್ಪ," ಅಂದಿದ್ದು ಒಳಗಿದ್ದ ಮಗಳು. ಸೆಕೆಂಡ್ ಪಿಯುಸಿ. ಅವಳಿಗೆ ಕೆಮಿಸ್ಟ್ರಿ ಓದುವ ಆಸೆ, ಮಾವನಿಗೆ ಇಂಜಿನಿಯರಿಂಗ್ ಓದಿಸುವ ಹಟ.

ಹೋಗದೇ ತಿಳಿಯೋದು ಹೇಗೆ? ಪ್ರತಿ ಅಣುವೂ ಬೆಳಕಿನಲ್ಲಿ ತನ್ನದೇ ಗುರುತು ಬಿಡುತ್ತೆ. 1944ರಲ್ಲಿ ಕೈಪರ್ ಎಂಬ ವಿಜ್ಞಾನಿ ಟೈಟನ್‌ನಿಂದ ಬಂದ ಬೆಳಕಿನಲ್ಲಿ ಮೀಥೇನ್ ಗುರುತು ಹಿಡಿದರು. ಸೂರ್ಯನ ಬೆಳಕು ಅಲ್ಲಿನ ಮೀಥೇನನ್ನು ಒಡೆದಾಗ ಇನ್ನೂ ದೊಡ್ಡ ಅಣುಗಳು ಹುಟ್ಟುತ್ತವೆ; ಟೈಟನ್ನಿನ ಕಿತ್ತಳೆ ಮಬ್ಬು ಅದರಿಂದಲೇ. 2017ರಲ್ಲಿ ಚಿಲಿಯ ಅಲ್ಮಾ ರೇಡಿಯೋ ಡಿಶ್‌ಗಳ ದತ್ತಾಂಶದಿಂದ ವಿನೈಲ್ ಸಯನೈಡ್ ಇರುವುದೂ ಖಚಿತವಾಯಿತು. ಜೀವಕೋಶದ ಪೊರೆಯಂಥದ್ದು ಅದರಿಂದ ಆಗಬಹುದು ಅನ್ನೋದು ಲೆಕ್ಕಾಚಾರ ಮಾತ್ರ.

"ಕೆಮಿಸ್ಟ್ರಿ ಓದಿದ್ರೆ ಕೆಲಸ ಸಿಗುತ್ತೇನಪ್ಪ?"

ಗ್ಯಾರಂಟಿ ಕೊಡೋಕೆ ನಾನ್ಯಾರು? ಸಾಫ್ಟ್‌ವೇರಿಗೂ ಈಗ ಗ್ಯಾರಂಟಿ ಇಲ್ಲ. "ನೌಕೆಗೆ ಕೋಡ್ ಬರೆಯೋಕೆ ನನ್ನಂಥವರು ಸಿಗ್ತಾರೆ ಮಾವ. ಅಲ್ಲಿ ಸಿಕ್ಕಿದ್ದು ಏನು ಅಂತ ಹೇಳೋಕೆ ಕೆಮಿಸ್ಟ್ರಿ ಓದಿದವರೇ ಬೇಕು," ಅಂದೆ. ನಾಸಾದ ಡ್ರ್ಯಾಗನ್‌ಫ್ಲೈ 2028ರಲ್ಲಿ ಹೊರಟು 2034ರಲ್ಲಿ ಟೈಟನ್ ತಲುಪುವ ಯೋಜನೆಯಿದೆ. ಅಷ್ಟು ಹೊತ್ತಿಗೆ ಇವಳ ಎಂಎಸ್ಸಿ ಮುಗಿದಿರುತ್ತೆ.

ಮಾವ ಏನೂ ಹೇಳಲಿಲ್ಲ. ಚನ್ನರಾಯಪಟ್ಟಣದಲ್ಲಿ ಕೆಲಸವಿದೆ ಅಂತ ಕಾರು ಹತ್ತಿದವರು ದಾರಿಯುದ್ದಕ್ಕೂ ಆಲೂಗಡ್ಡೆ, ಶುಂಠಿ ರೇಟು ಮಾತಾಡಿದರು. ಬಸ್ ಸ್ಟ್ಯಾಂಡ್ ಹತ್ತಿರ ಇಳಿಯುವಾಗ ಕೇಳಿದರು: "ಬಿಎಸ್ಸಿಗೆ ಹಾಸನ ಸಾಕೇನೋ, ಇಲ್ಲಾ ಮೈಸೂರಿಗೇ ಕಳಿಸ್ಬೇಕಾ?"