ಒಳಗೆ ಉಳಿದ ಗಾಳಿ



ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಕಾರಿನ ಕ್ಲಚ್ ಕೈಕೊಟ್ಟಿತು. ಪೆಡಲನ್ನು ತುಳಿದರೆ ಅದು ತಳಕ್ಕಿಳಿಯುತ್ತಿತ್ತು, ಗೇರ್ ಬೀಳುತ್ತಿರಲಿಲ್ಲ. ಬಂಟ್ವಾಳದ ಗ್ಯಾರೇಜೊಂದರಲ್ಲಿ ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರನ್ನೂ ಗೇರ್‌ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರನ್ನೂ ಬದಲಾಯಿಸಿದರು. “ಇನ್ನೊಮ್ಮೆ ಏರ್ ತೆಗೆಯಬೇಕು, ಸ್ವಲ್ಪ ನಿಲ್ಲಿ ಮಾಷ್ಟ್ರೇ” ಎಂದು ಅಲ್ಲಿಯ ಹುಡುಗ ಬೇಡಿಕೊಂಡ. ಸಂಜೆಯೊಳಗೆ ಬೆಳ್ತಂಗಡಿಯ ಮದುವೆಮನೆ ಸೇರುವ ಅವಸರದಲ್ಲಿ ನಾನು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ಹೊರಟೆ. ವೇಣೂರು ದಾಟುವಷ್ಟರಲ್ಲಿ ಗೇರ್ ಕಿರುಗುಟ್ಟತೊಡಗಿತು. ಮೂಡುಬಿದಿರೆಯಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದರು. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಪೂರ್ತಿ ತುಳಿದು ನಿಂತಿದ್ದರೂ ಕಾರು ತಾನಾಗಿಯೇ ಮುಂದಕ್ಕೆ ತೆವಳಿತು. ಬ್ರೇಕ್ ಒತ್ತಿದೆ, ಇಂಜಿನ್ ನಿಂತಿತು. ಮಗುವೊಂದು ಮಾರುದೂರದಲ್ಲಿತ್ತು.

ನಡುಗುವ ಕೈಯಲ್ಲಿಯೇ ಬಂಟ್ವಾಳದ ಹುಡುಗನಿಗೆ ಫೋನ್ ಮಾಡಿ, ಕಳಪೆ ಸಾಮಾನು ಹಾಕಿ ಮೋಸ ಮಾಡಿದೆಯೆಂದು ಬೈದೆ.

ಮೂಡುಬಿದಿರೆಯ ವೃದ್ಧ ಮೆಕ್ಯಾನಿಕರು ಪೆಡಲನ್ನು ಮೂರು ಬಾರಿ ಬೇಗಬೇಗನೆ ತುಳಿದರು, ಅದು ಗಟ್ಟಿಯಾಯಿತು. ತುಸು ಬಿಟ್ಟು ತುಳಿದಾಗ ಮತ್ತೆ ಮೆತ್ತಗಾಯಿತು. “ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಇಳಿದಿದ್ದರೆ ಒಳಗಿನ ರಬ್ಬರ್ ಸೋರುತ್ತಿದೆ ಎನ್ನಬಹುದಿತ್ತು. ಹಾಗಿಲ್ಲ. ಸಾಮಾನು ಸರಿಯಿದೆ, ಒಳಗೆ ಗಾಳಿ ಉಳಿದಿದೆ” ಎಂದರು. ಒತ್ತಡಕ್ಕೆ ಆಯಿಲ್ ಕುಗ್ಗದು, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಗಾಳಿಯನ್ನು ಹಿಂಡುವುದರಲ್ಲಿಯೇ ವ್ಯಯವಾಗಿ, ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ.

ನಾನು ಪೆಡಲ್ ಒತ್ತಿ ಹಿಡಿದೆ. ಅವರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಿದರು. ಕೊಳವೆಯಲ್ಲಿ ಗುಳ್ಳೆಗಳು ಹೊರಬಂದವು. ನಿಪ್ಪಲ್ ಬಿಗಿದ ನಂತರವೇ ನಾನು ಕಾಲೆತ್ತಬೇಕು. ಮೊದಲೇ ಎತ್ತಿದರೆ ಗಾಳಿ ಮರಳಿ ಒಳಸೇರುತ್ತದೆ. ಮೇಲಿನ ಡಬ್ಬಿಯ ಆಯಿಲ್ ಬರಿದಾದರೂ ಹಾಗೆಯೇ. ಬ್ರೇಕ್ ಆಯಿಲ್ ತೇವವನ್ನು ಹೀರುವುದರಿಂದ ಅವರು ಹೊಸ ಡಬ್ಬಿಯನ್ನೇ ಒಡೆದರು. ಗುಳ್ಳೆಗಳು ನಿಲ್ಲುವವರೆಗೆ ಹೀಗೆಯೇ ನಡೆಯಿತು. ಅರ್ಧ ಗಂಟೆಯ ಕೆಲಸ. ಹಿಂದಿನ ದಿನ ನಾನು ಆ ಹುಡುಗನಿಗೆ ಕೊಡದಿದ್ದ ಅರ್ಧ ಗಂಟೆ.

ಬಂಧುಗಳೇ, ಹೊಸ ಭಾಗಗಳನ್ನು ಜೋಡಿಸಿದ ಮಾತ್ರಕ್ಕೆ ದುರಸ್ತಿ ಮುಗಿಯುವುದಿಲ್ಲ. ಒಳಗಿನದನ್ನು ಹೊರಹಾಕುವ ತಾಳ್ಮೆಯೂ ಬೇಕು. ನನ್ನ ಅವಸರದ ದೋಷವನ್ನು ನಾನು ಅನ್ಯರ ಕೈಗೆ ಹೊರಿಸಿದ್ದೆ.

ಸಿದ್ದಕಟ್ಟೆಯ ದಾರಿಯಾಗಿ ನೇರ ಬಂಟ್ವಾಳಕ್ಕೆ ಹೋಗಿ, ಆ ಹುಡುಗನ ಕ್ಷಮೆ ಕೇಳಿದೆ. ಅವನು ಮಾತನಾಡಲಿಲ್ಲ. ಬಾನೆಟ್ ಎತ್ತಿ, ಆಯಿಲ್ ಮಟ್ಟ ಸರಿಯಿದೆಯೇ ಎಂದು ಮೊದಲು ನೋಡಿದ.